ನನ್ನ ರೇಟಿಂಗ್ 1500. ಟೂರ್ನಮೆಂಟ್‌ನಲ್ಲಿ 1900 ರೇಟಿಂಗ್‌ನವರ ಜೊತೆ ಚೆಸ್ ಡ್ರಾ ಆಯ್ತು. ಇದು ಬರೀ ಅದೃಷ್ಟವಾ? ರೇಟಿಂಗ್ ಎಷ್ಟು ಏರುತ್ತದೆ?

ರೇಟಿಂಗ್ ಲೆಕ್ಕ ಮೊದಲು ಮುಗಿಸೋಣ. 400ರ ಅಂತರ ಇದ್ದಾಗ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ಪಟ್ಟಿಯಲ್ಲಿ ಒಂದು ಆಟಕ್ಕೆ ನಿಮ್ಮಿಂದ ನಿರೀಕ್ಷಿಸುವುದು 0.08 ಪಾಯಿಂಟ್. ನೀವು ಅರ್ಧ ಪಾಯಿಂಟ್ ತಂದಿರಿ. ಜಾಸ್ತಿ ಬಂದ 0.42 ಅನ್ನು ನಿಮ್ಮ ಕೆ ಫ್ಯಾಕ್ಟರ್‌ನಿಂದ, ಅಂದರೆ ರೇಟಿಂಗ್ ಎಷ್ಟು ಬೇಗ ಬದಲಾಗಬೇಕು ಅನ್ನುವ ಸಂಖ್ಯೆಯಿಂದ, ಗುಣಿಸಿ. ಕೆ 20 ಆದರೆ 8.4, ಹೊಸಬರಾಗಿದ್ದು ಕೆ 40 ಆದರೆ 16.8.

ಇನ್ನು ಅದೃಷ್ಟದ ವಿಷಯ. ಡ್ರಾ ಕೇಳಿದ್ದು ಯಾರು? ಅವರೇ ಕೇಳಿದ್ದರೆ ಖುಷಿಪಡಿ. 1900ರವರು ಸುಮ್ನೆ ಅರ್ಧ ಪಾಯಿಂಟ್ ಬಿಟ್ಟುಕೊಡುವುದಿಲ್ಲ, ಬೋರ್ಡಿನಲ್ಲಿ ಏನೋ ಕಂಡಿರುತ್ತದೆ. ನೀವು ಕೇಳಿ, ಅವರು ತಕ್ಷಣ ಒಪ್ಪಿದ್ದರೆ ಸ್ವಲ್ಪ ಅನುಮಾನ ಪಡಬೇಕು.

ನನಗೆ ಎರಡೂ ಅನುಭವ ಆಗಿದೆ. ಒಮ್ಮೆ ಎದುರಾಳಿಯ ರೇಟಿಂಗ್ ನೋಡಿಯೇ ಹೆದರಿ, ಇಪ್ಪತ್ತೆರಡನೇ ನಡೆಗೆ ಡ್ರಾ ಕೇಳಿದೆ. ಮಾತು ಮುಗಿಯುವ ಮೊದಲೇ ಅವರ ಕೈ ಮುಂದೆ ಬಂದಿತ್ತು! ಮನೆಗೆ ಬಂದು ಚೆಸ್ ಎಂಜಿನ್‌ಗೆ (ಆಟ ವಿಶ್ಲೇಷಿಸುವ ಕಂಪ್ಯೂಟರ್ ಪ್ರೋಗ್ರಾಂ) ಹಾಕಿದರೆ ನಾನು ಗೆಲ್ಲುವ ಸ್ಥಿತಿಯಲ್ಲಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಇನ್ನೊಮ್ಮೆ ಒಂದು ಪಾನ್ (ಕಾಲಾಳು) ಕಳೆದುಕೊಂಡು ರೂಕ್ ಎಂಡ್‌ಗೇಮ್‌ಗೆ, ಅಂದರೆ ದೊಡ್ಡ ಕಾಯಿಗಳಲ್ಲಿ ರೂಕ್ (ಆನೆ) ಮಾತ್ರ ಉಳಿದ ಕೊನೆಯ ಹಂತಕ್ಕೆ, ಬಂದಿದ್ದೆ. ನನ್ನದು ಕಪ್ಪು. ಅವರ ಪಾನ್ ಇ5ರಲ್ಲಿ, ರಾಜ ಡಿ5ರಲ್ಲಿ. ನನ್ನ ರಾಜ ಇ8ರಲ್ಲಿ ಅಡ್ಡ ಕೂತಿದ್ದ. ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಕಾಲದಿಂದ ಬಂದ ಪಾಠ ಇದು: ರೂಕನ್ನು ಆರನೇ ಸಾಲಿನಲ್ಲೇ ಓಡಾಡಿಸುತ್ತಾ ಅವರ ರಾಜ ಮುಂದೆ ಬರದಂತೆ ತಡೆಯಬೇಕು. ಪಾನ್ ಇ6ಕ್ಕೆ ಬಂದ ತಕ್ಷಣ ರೂಕ್ ಸೀದಾ ಒಂದನೇ ಸಾಲಿಗೆ. ಆಮೇಲೆ ಹಿಂದಿನಿಂದ ಚೆಕ್ ಮೇಲೆ ಚೆಕ್. ಪಾನ್ ಮುಂದೆ ಹೋಗಿಬಿಟ್ಟಿರುವುದರಿಂದ ರಾಜನಿಗೆ ಅವಿತುಕೊಳ್ಳಲು ಜಾಗವೇ ಇರುವುದಿಲ್ಲ. ಅವರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದರು. ಅದನ್ನು ಅದೃಷ್ಟ ಅಂದರೆ ನಾನಂತೂ ಒಪ್ಪಲ್ಲ.

ದೊಡ್ಡವರ ಕಥೆಯೂ ಹೀಗೇ. 2004ರಲ್ಲಿ ರೇಕ್ಯಾವಿಕ್‌ನಲ್ಲಿ 13 ವರ್ಷದ ಕಾರ್ಲ್‌ಸನ್ (ಮುಂದೆ ವಿಶ್ವ ಚಾಂಪಿಯನ್ ಆದವರು), ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಜೊತೆ ರ‍್ಯಾಪಿಡ್ (ಕಡಿಮೆ ಸಮಯದ) ಆಟ ಡ್ರಾ ಮಾಡಿದ್ದು ನೆನಪಿದೆ ಅಲ್ವಾ? ಅಲ್ಲಿ ಒದ್ದಾಡಿ ಉಳಿಸಿಕೊಂಡದ್ದು ಹುಡುಗ ಅಲ್ಲ, ಕಾಸ್ಪರೋವ್. ಮುಂದಿನ ಆಟ ಕಾಸ್ಪರೋವ್ ಗೆದ್ದರು, ಅದು ಬೇರೆ ಮಾತು.

ನಿಮ್ಮ ಸ್ಕೋರ್ ಶೀಟ್ ಇಟ್ಟುಕೊಂಡಿದ್ದೀರಾ? ಕೊನೆಯ ಹತ್ತು ನಡೆ ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.