ಮಗಳೂ ಕೈ ಎತ್ತಿದ್ದಾಳೆ, ಟೀಚರ್

ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರ ಶಿಕ್ಷಕಿ ಬರೆದಿದ್ದಾರೆ: ‘ನಮ್ಮದು ಇಬ್ಬರೇ ಶಿಕ್ಷಕರ ಸರ್ಕಾರಿ ಶಾಲೆ. ಈ ಜೂನ್‌ನಲ್ಲಿ ಮಗಳು ನಲಿ-ಕಲಿ ಮುಗಿಸಿ ನಾಲ್ಕನೇ ತರಗತಿಗೆ, ಅಂದರೆ ನನ್ನ ಕೋಣೆಗೇ ಬಂದಳು. ಭೇದ ಮಾಡ್ತಾರೆ ಅಂತ ಯಾರೂ ಅನ್ನಬಾರದು ಎಂದು ಅವಳಿಗೇ ಮೊದಲು ಬೈಯುತ್ತೇನೆ. ಹೋದ ವಾರ ಹೊಡೆದೂಬಿಟ್ಟೆ. ರಾತ್ರಿ ಮಗ್ಗುಲಲ್ಲಿ ಮಲಗಿದವಳು, “ನಿಮ್ಮನ್ನ ಅವ್ವಾ ಅನ್ಲೋ, ಟೀಚರ್ ಅನ್ಲೋ?” ಎಂದು ಕೇಳಿದಳು. ಕೊಪ್ಪಳದ ಖಾಸಗಿ ಶಾಲೆಗೆ ಹಾಕಲೇ?’

ಟೀಚರ್, ನಿಮ್ಮ ಪತ್ರದ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ರಾತ್ರಿ, ನಿಮ್ಮ ಮಗ್ಗುಲಲ್ಲಿ ಮಲಗಿಯೂ ಅವಳು ‘ನಿನ್ನ’ ಅನ್ನಲಿಲ್ಲ, ‘ನಿಮ್ಮನ್ನ’ ಅಂದಳು. ಶಾಲೆ ಹಾಸಿಗೆವರೆಗೂ ಬಂದುಬಿಟ್ಟಿದೆ, ಅಲ್ವಾ?

ನಾನೂ ಮಾಸ್ತರ ಮಗ. ಸಿಂಧನೂರು ಕಡೆಯ ಹಳ್ಳಿಯಲ್ಲಿ ಎರಡು ವರ್ಷ ಅಪ್ಪನ ಕೈಯಲ್ಲೇ ಕಲಿತೆ. ಅಪ್ಪ ಹೊಡೆಯುತ್ತಿರಲಿಲ್ಲ. ನನ್ನನ್ನು ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. ಉತ್ತರ ಗೊತ್ತಿದ್ದು ಕೈ ಎತ್ತಿದರೆ, ಅವರ ಕಣ್ಣು ನನ್ನ ತಲೆ ಮೇಲಿಂದ ಹಾದು ಹಿಂದಿನ ಸಾಲಿಗೆ ಹೋಗುತ್ತಿತ್ತು. ಒಮ್ಮೆ ಉಕ್ತಲೇಖನದಲ್ಲಿ ‘ತುಂಗಭದ್ರಾ’ ಬಂತು. ನಮ್ಮ ಕಾಲುವೆಗೆ ಬರುವುದೇ ಆ ಹೊಳೆಯ ನೀರು. ನಮ್ಮ ಕಡೆಯ ನಾಲಿಗೆಗೆ ಮಹಾಪ್ರಾಣ ಸುಲಭಕ್ಕೆ ಹೊರಳುವುದಿಲ್ಲ. ನಾನೂ ಪಕ್ಕದವನೂ ‘ತುಂಗಬದ್ರಾ’ ಅಂತಲೇ ಬರೆದೆವು. ಅವನದಕ್ಕೆ ಸರಿ ಗುರುತು ಬಿತ್ತು. ನನ್ನ ‘ಬ’ದ ಕೆಳಗೆ ಕೆಂಪು ಗೀಟು, ಹೊಟ್ಟೆ ಸೀಳಿಲ್ಲ ಅಂತ ಅರ್ಧ ಅಂಕ ಕಡಿತ. ಆ ಕೆಂಪು ಗೀಟು ಇವತ್ತಿಗೂ ಕಣ್ಣ ಮುಂದಿದೆ. ಅಪ್ಪ ಪ್ರಾಮಾಣಿಕರು. ಊರವರ ಮಾತಿಗೆ ಹೆದರಿ ನನ್ನನ್ನು ಒತ್ತೆ ಇಟ್ಟರು.

ಸ್ವಂತ ಮಕ್ಕಳಿಗೆ ಪಾಠ ಹೇಳುವವರು ಪಕ್ಷಪಾತಕ್ಕೆ ಹೆದರುತ್ತಾರೆ. ನಾನು ಕಂಡಂತೆ ತಪ್ಪುವುದು ಇನ್ನೊಂದು ಕಡೆಗೇ ಜಾಸ್ತಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. ಆ ರಕ್ಷಣೆ ನಿಮ್ಮ ಮಗಳಿಗೂ ಇದೆ.

60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಅನ್ನುವುದೂ ಅದೇ ಕಾಯ್ದೆಯ ಲೆಕ್ಕ. ಹಾಗಾಗಿ ನಿಮ್ಮಂಥ ಸಣ್ಣ ಶಾಲೆಯಲ್ಲಿ ಅವ್ವನ ಕೋಣೆ ತಪ್ಪಿಸುವುದು ಕಷ್ಟ. ಅಷ್ಟಕ್ಕೇ ಅವಳನ್ನು ಕೊಪ್ಪಳಕ್ಕೆ ಕಳಿಸಬೇಡಿ. ಟೀಚರ್ ತಮ್ಮ ಮಗಳನ್ನೂ ಇಲ್ಲೇ ಓದಿಸುತ್ತಾರೆ ಅನ್ನುವುದು ಊರಿಗೆ ದೊಡ್ಡ ಧೈರ್ಯ. ಆದರೆ ಅದರ ಭಾರ ಆ ಹುಡುಗಿಯ ತಲೆ ಮೇಲೆ ಬೀಳಬಾರದು.

ಅವಳ ಉತ್ತರ ಪತ್ರಿಕೆಯನ್ನು ನಿಮ್ಮ ಸಹೋದ್ಯೋಗಿ ತಿದ್ದಲಿ. ಬಿಸಿಯೂಟಕ್ಕೆ ಮೊಟ್ಟೆ ಕೊಡುವ ದಿನ ಅವಳೂ ತಟ್ಟೆ ಹಿಡಿದು ಸಾಲಿನಲ್ಲೇ ನಿಲ್ಲಲಿ. ‘ನಾನಿಲ್ಲದಾಗ ಯಾರು ಗಲಾಟೆ ಮಾಡಿದ್ರು?’ ಅಂತ ಮನೆಯಲ್ಲಿ ಅವಳನ್ನು ಕೇಳಲೇಬೇಡಿ. ನಾನು ಹತ್ತಿರ ಹೋದರೆ ಸಾಕು, ಅಪ್ಪನಿಗೆ ಹೇಳ್ತಾನೆ ಅಂತ ಗೋಲಿ ಆಡುವ ಹುಡುಗರ ಮಾತು ನಿಂತುಹೋಗುತ್ತಿತ್ತು.

ಹೊಡೆದದ್ದಕ್ಕೆ ‘ತಪ್ಪಾಯ್ತು’ ಅನ್ನಿ. ತರಗತಿಯಲ್ಲೇ ಅನ್ನಿ, ಹೊಡೆದದ್ದು ಅಲ್ಲೇ ಅಲ್ವಾ. ಇನ್ನು ಅವಳ ಪ್ರಶ್ನೆ. ಶಾಲೆಯಲ್ಲಿ ಟೀಚರ್ ಅಂದರೂ ಅವ್ವಾ ಅಂದರೂ ‘ಓ’ ಅನ್ನಿ. ಬಾಯಿ ತಪ್ಪಿ ಬೇರೆ ಮಕ್ಕಳೂ ನಿಮ್ಮನ್ನು ಅವ್ವಾ ಅಂದಿರುತ್ತಾರೆ. ಆಗ ಸಿಟ್ಟಾಗಿದ್ದಿರಾ? ನಾಳೆ ಅವಳು ಕೈ ಎತ್ತಿದರೆ ಅವಳನ್ನೂ ಕೇಳಿ, ಹೆಸರು ಹಿಡಿದು.