ಹದಿಮೂರರ ಗಂಟಲಿಗೆ ಯಾವ ಹಾಡು?

ಉಡುಪಿ ಸಮೀಪದ ಪ್ರೌಢಶಾಲೆಯೊಂದರ ಕನ್ನಡ ಟೀಚರ್ ಬರೆದ ಪತ್ರದ ಸಾರ ಇದು: "ಮಕ್ಕಳ ದಿನಾಚರಣೆಗೆ ಎಂಟು, ಒಂಬತ್ತನೇ ತರಗತಿಯವರಿಂದ ಗೆಳೆತನದ ಹಾಡು, ಹರೆಯದ ಹಾಡು ಹಾಡಿಸಬೇಕೆಂದಿದ್ದೇನೆ. ಮಕ್ಕಳು ಮೊಬೈಲಿನಲ್ಲಿ ಹುಡುಕಿ ತಂದದ್ದೆಲ್ಲ ಪ್ರೇಮಗೀತೆ. ನಾನು ಆರಿಸಿದ್ದಕ್ಕೆ ಮುಸಿಮುಸಿ ನಗುತ್ತಾರೆ. ಹುಡುಗರಂತೂ ಬಾಯಿ ಮಾತ್ರ ಆಡಿಸುತ್ತಾರೆ. ಈ ವಯಸ್ಸಿಗೆ ಕನ್ನಡದಲ್ಲಿ ಹಾಡೇ ಇಲ್ಲವೇ? ಒಂದು ಪಟ್ಟಿ ಕೊಡಿ. ಹಾಡಿದ್ದನ್ನು ಯೂಟ್ಯೂಬಿಗೆ ಹಾಕಬಹುದೇ ಎಂದೂ ತಿಳಿಸಿ."

ಪ್ರಿಯ ಟೀಚರ್,

ಪಟ್ಟಿ ಕೊಡುವುದು ಸುಲಭ. ಆದರೆ ನಿಮ್ಮ ಹುಡುಗರು ಅದಕ್ಕೂ ಬಾಯಿ ಮಾತ್ರ ಆಡಿಸಿದರೆ ಏನು ಪ್ರಯೋಜನ? ಅದಕ್ಕೇ ಹಾಡಿನ ಹೆಸರಿಗಿಂತ ಮೊದಲು ಬೇರೆ ಕೆಲವು ಮಾತು.

ನಿಮ್ಮ ದೂರು ಅರ್ಧ ಸರಿ. ಹತ್ತು ವರ್ಷದೊಳಗಿನವರಿಗೆ ಕನ್ನಡದಲ್ಲಿ ಬೇಕಾದಷ್ಟು ಹಾಡುಂಟು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಆ ಕೆಲಸ ಚೆನ್ನಾಗಿ ಮಾಡಿ ಹೋಗಿದ್ದಾರೆ. ಇಪ್ಪತ್ತು ದಾಟಿದವರಿಗೆ ಭಾವಗೀತೆ, ಸಿನಿಮಾ ಹಾಡು ರಾಶಿ ರಾಶಿ. ನಡುವಿನ ಹರೆಯದವರನ್ನು ನಮ್ಮ ಕವಿಗಳು ಜಾಸ್ತಿ ವಿಚಾರಿಸಿಕೊಳ್ಳಲಿಲ್ಲ. ಬರೆದವರು ಕೂಡ "ನೀವು ನಾಳಿನ ಪ್ರಜೆಗಳು" ಎಂದು ಬುದ್ಧಿ ಹೇಳಲು ಕುಳಿತರು. ಮಕ್ಕಳು ಪ್ರೇಮಗೀತೆಗೆ ಹಾರಿದರೆ ತಪ್ಪು ಅವರದ್ದಲ್ಲ ಬಿಡಿ.

ಗೆಳೆತನದ ಹಾಡು ಎಂದ ಕೂಡಲೇ ನಮ್ಮ ವಯಸ್ಸಿನವರಿಗೆ ನೆನಪಾಗುವುದು 'ಸ್ನೇಹದ ಕಡಲಲ್ಲಿ'. 1975ರ 'ಶುಭಮಂಗಳ' ಚಿತ್ರದ್ದು. ಚಿ. ಉದಯಶಂಕರ್ ಬರೆದು, ವಿಜಯಭಾಸ್ಕರ್ ರಾಗ ಹಾಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದು. ಚೆಂದದ ಹಾಡು, ಎರಡು ಮಾತಿಲ್ಲ. ಆದರೆ ಅದು ದೊಡ್ಡವನಾದ ಮೇಲೆ ಬಾಲ್ಯ ನೆನೆಯುವ ಹಾಡು. ಹದಿಮೂರರ ಹುಡುಗನಿಗೆ ನೆನೆಯಲಿಕ್ಕೆ ಏನುಂಟು? ಅವನ ದೋಸ್ತಿ ಪಕ್ಕದಲ್ಲೇ ಕುಳಿತು ಪೆನ್ನಿನಿಂದ ಚುಚ್ಚುತ್ತಿದ್ದಾನೆ. ನೀವು ಆರಿಸಿದ್ದು ಇಂಥದ್ದೇ ಇರಬೇಕು ಅಂತ ನನ್ನ ಊಹೆ. ನಗು ಬರದೇ ಇರುತ್ತದೆಯೇ?

ಇನ್ನೊಂದು ಸಂಗತಿ. ದೊಡ್ಡವರು ಬರೆದ ಹಾಡುಗಳಲ್ಲಿ ಗೆಳೆತನ ಮುರಿಯುವುದೇ ಇಲ್ಲ, ಸಾಯುವ ತನಕ ಗಟ್ಟಿ. ಎಂಟನೇ ತರಗತಿಯ ಗೆಳೆತನ ಹಾಗಲ್ಲ. ಸೋಮವಾರ ಠೂ ಬಿಡುತ್ತಾರೆ, ಬುಧವಾರ ಒಂದೇ ಗೋಲಿಬಜೆ ಹಂಚಿಕೊಳ್ಳುತ್ತಾರೆ. ಮೂವರಲ್ಲಿ ಇಬ್ಬರು ಒಟ್ಟಾಗಿ ಮೂರನೆಯವಳನ್ನು ಬಿಟ್ಟು ಬಸ್ಸು ಹತ್ತುತ್ತಾರೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ದುಃಖ ಬೇರೆ ಇಲ್ಲ. ಇದನ್ನು ಯಾವ ಹಾಡಿನಲ್ಲಿ ಕೇಳಿದ್ದೀರಿ?

2001ರಲ್ಲಿ 'ದಿಗ್ಗಜರು' ಬಂತು. ಅದರಲ್ಲಿ ಹಂಸಲೇಖ ಅವರ 'ಕುಚಿಕು' ಹಾಡು. ತೆರೆಯ ಮೇಲೆ ವಿಷ್ಣುವರ್ಧನ್, ಅಂಬರೀಶ್. ಇಬ್ಬರಿಗೂ ಹರೆಯ ದಾಟಿ ಬಹಳ ಕಾಲವಾಗಿತ್ತು. ಆದರೂ ಮಕ್ಕಳು ಅದನ್ನು ಇವತ್ತಿಗೂ ಹಾಡುತ್ತಾರೆ. ಅದರಲ್ಲಿ ಉಪದೇಶಕ್ಕಿಂತ ಕೀಟಲೆ ಜಾಸ್ತಿ. ಎದುರಿಗಿದ್ದವನ ಮುಖ ನೋಡಿ, ಹೆಗಲಿಗೆ ಕೈ ಹಾಕಿ ಹಾಡಬಹುದು. ನನ್ನ ಅಭಿಪ್ರಾಯ ಇಷ್ಟೆ: ಈ ವಯಸ್ಸಿಗೆ ಹಾಡು ಆರಿಸುವಾಗ ಅದು ಯಾವುದರ ಬಗ್ಗೆ ಎಂದು ಆಮೇಲೆ ನೋಡಿ. ಹೇಗೆ ಹಾಡುತ್ತೇವೆ ಎಂಬುದನ್ನು ಮೊದಲು ನೋಡಿ. ಒಟ್ಟಿಗೆ ಹಾಡಲು, ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಳ್ಳಲು ಜಾಗ ಇದ್ದರೆ ಸಾಕು. ಹಾಡಿನಲ್ಲಿ ಸ್ನೇಹ ಎಂಬ ಮಾತು ಬರಲೇಬೇಕೆಂದಿಲ್ಲ.

ಹುಡುಗರು ಬಾಯಿ ಮಾತ್ರ ಆಡಿಸುವುದು ಸೊಕ್ಕಿನಿಂದ ಎಂದುಕೊಂಡಿರಾ? ನನಗೆ ಹಾಗನ್ನಿಸುವುದಿಲ್ಲ. ಅದು ಗಂಟಲು ಒಡೆಯುವ ವಯಸ್ಸು. ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಹುಡುಗರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ 'ಸ'ದಿಂದ ಕೆಳಗಿನ 'ಸ'ದಷ್ಟು, ಕೆಳಗಿಳಿಯುತ್ತದೆ. ಹುಡುಗಿಯರದ್ದೂ ಸ್ವಲ್ಪ ಇಳಿಯುತ್ತದೆ, ಆದರೆ ಅಷ್ಟು ಎದ್ದು ಕಾಣುವುದಿಲ್ಲ. ಈ ಬದಲಾವಣೆಯ ನಡುವೆ ಸಿಕ್ಕಿಬಿದ್ದ ಹುಡುಗನಿಗೆ ಕೆಲವೇ ಸ್ವರಗಳು ಸಲೀಸು. ಮೇಲೆ ಹೋದರೆ ದನಿ ಕೀರಲು, ಕೆಳಗೆ ಹೋದರೆ ಬರೀ ಗಾಳಿ. ಹಿಂದಿನ ಸಾಲಿನ ಹುಡುಗಿಯರ ಎದುರು ಹೀಗಾದರೆ ಮರ್ಯಾದೆ ಏನಾಗಬೇಕು? ಸುಮ್ನೆ ಬಾಯಿ ಆಡಿಸುವುದೇ ಕ್ಷೇಮ ಅಲ್ವಾ!

ಆದ್ದರಿಂದ ಕರೋಕೆ ಟ್ರ್ಯಾಕ್ ಹಾಕಬೇಡಿ. ಅದರ ಶ್ರುತಿ ಬಹುಪಾಲು ಮೂಲ ಗಾಯಕರದ್ದು. ಬೆಳೆದ, ಪಳಗಿದ ಗಂಟಲಿಗೆ ಹೊಂದಿಸಿದ್ದು. ಹಾರ್ಮೋನಿಯಂ ಇಟ್ಟುಕೊಳ್ಳಿ. ಇಲ್ಲವಾದರೆ ಮೊಬೈಲಿನ ತಂಬೂರಿ ಆ್ಯಪ್ ಸಾಕು. ಮೊದಲು ಹುಡುಗರ ದನಿಗೆ ಶ್ರುತಿ ಹುಡುಕಿ, ಆಮೇಲೆ ಹುಡುಗಿಯರನ್ನು ಕೂಡಿಸಿಕೊಳ್ಳಿ. ಎಲ್ಲರೂ ಎಲ್ಲ ಸಾಲನ್ನೂ ಹಾಡಬೇಕೆಂಬ ಹಟ ಬೇಡ. ಎತ್ತರದ ಸಾಲು ಹುಡುಗಿಯರಿಗಿರಲಿ. ಪಲ್ಲವಿಗೆ ಎಲ್ಲರೂ ಸೇರಲಿ. ಯಾರನ್ನೂ ಒಂಟಿಯಾಗಿ ನಿಲ್ಲಿಸಿ ಪರೀಕ್ಷೆ ಮಾಡಬೇಡಿ. ಪ್ರತಿಭಾ ಕಾರಂಜಿಯ ವೇದಿಕೆಯಲ್ಲಿ ಆ ಪರೀಕ್ಷೆ ಹೇಗೂ ಇದ್ದೇ ಇದೆ.

ಈಗ ಹಾಡಿಗೆ ಬರೋಣ. ನನ್ನ ಮೊದಲ ಆಯ್ಕೆ ನಿಮ್ಮ ಊರಿನ ಗದ್ದೆಯದ್ದೇ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೆಂಗಸರು ಹಾಡುತ್ತಿದ್ದ ತುಳು ಹಾಡು 'ಓ ಬೇಲೆ'. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ. ಅದರ ಹೆಚ್ಚಿನ ಧಾಟಿಗಳು ಕೆಲವೇ ಸ್ವರಗಳಲ್ಲಿ ಸುತ್ತುತ್ತವೆ. ಒಡೆದ ಗಂಟಲಿಗೂ ಕಷ್ಟವಿಲ್ಲ. ನಾಟಿ ಮಾಡುವವರು ಕಡಿಮೆಯಾದರು, ಹಾಡೂ ಕಡಿಮೆಯಾಯಿತು. ಈಗ 'ಕೆಸರ್ಡ್ ಒಂಜಿ ದಿನ'ದಂಥ (ಕೆಸರಿನಲ್ಲಿ ಒಂದು ದಿನ) ಕಾರ್ಯಕ್ರಮದಲ್ಲಿ ಮೈಕಿನಲ್ಲಿ ಕೇಳಿಸಿದರೆ ಉಂಟು. ಆದರೆ ನಿಮ್ಮ ತರಗತಿಯಲ್ಲಿ ಯಾರದ್ದಾದರೂ ಅಜ್ಜಿಗೆ ಅದು ಬಾಯಿಪಾಠ ಇದ್ದೀತು. ಅವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಸಿ. ಧಾಟಿ ಕಲಿತ ಮೇಲೆ ಮಕ್ಕಳೇ ಸಾಲು ಕಟ್ಟಲಿ. ಬಸ್ಸು ತಪ್ಪಿದ್ದು, ಹೋಮ್‌ವರ್ಕ್ ನಕಲು ಮಾಡಿ ಇಬ್ಬರೂ ಸಿಕ್ಕಿಬಿದ್ದದ್ದು, ಠೂ ಬಿಟ್ಟದ್ದು ಎಲ್ಲ ಬರಲಿ. ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ, ಯಾವ ಮನೆಮಾತಿನವರು ಆ ಮಾತಿನಲ್ಲಿ ಒಂದೊಂದು ಸಾಲು ಎತ್ತಲಿ. ಪ್ರಾಸ ತಪ್ಪಿದರೆ ತಪ್ಪಲಿ. ಕೆಂಪು ಪೆನ್ನು ಮಾತ್ರ ಆ ದಿನ ಮನೆಯಲ್ಲಿ ಬಿಟ್ಟು ಬನ್ನಿ ಮಾರಾಯ್ರೆ.

ಹರೆಯದ ಹುರುಪಿಗೆ ಗೋಪಾಲಕೃಷ್ಣ ಅಡಿಗರ 'ಕಟ್ಟುವೆವು ನಾವು' ಇದೆ. ಅಡಿಗರು ನಿಮ್ಮ ಜಿಲ್ಲೆಯವರೇ, ಬೈಂದೂರಿನ ಹತ್ತಿರದ ಮೊಗೇರಿಯವರು. ಯುವಕರಾಗಿದ್ದಾಗ ಬರೆದದ್ದು. ಉದ್ದಕ್ಕೂ 'ನಾವು' ಎಂದೇ ಮಾತಾಡುವ ಪದ್ಯ. ಹೆಜ್ಜೆ ಹಾಕುತ್ತ ಹಾಡಬಹುದು. ಭಾಷೆ ತುಸು ಗಟ್ಟಿ. ಅದಕ್ಕೇ ಮೊದಲ ಎರಡು ಚರಣ ಸಾಕು. ಕೀಟಲೆ ಸ್ವಭಾವದ ತರಗತಿಯಾದರೆ ಪಂಜೆಯವರ 'ತೆಂಕಣ ಗಾಳಿಯಾಟ' ತಗೊಳ್ಳಿ. ಅದರಲ್ಲಿ ಗೆಳೆಯರೂ ಇಲ್ಲ, ಹರೆಯವೂ ಇಲ್ಲ. ಕಡಲಿನಿಂದ ನುಗ್ಗಿ ಬಂದು ಊರನ್ನೆಲ್ಲ ಅಲ್ಲಾಡಿಸುವ ಗಾಳಿ ಉಂಟು. ಮೂವತ್ತು ಮಕ್ಕಳು ಒಟ್ಟಿಗೆ ಹೇಳಿದರೆ ಹೆಂಚು ಹಾರಬೇಕು!

ನಿಮ್ಮ ಶಾಲೆಯಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿದ್ದರೆ ಇನ್ನೂ ಒಳ್ಳೆಯದು. ಉಡುಪಿಯ ಎಷ್ಟೋ ಪ್ರೌಢಶಾಲೆಗಳಲ್ಲಿ ಈಗ ಯಕ್ಷಶಿಕ್ಷಣ ನಡೆಯುತ್ತದೆ. ಕರ್ಣ, ದುರ್ಯೋಧನರ ಒಂದು ಪದ (ಯಕ್ಷಗಾನದ ಹಾಡು), ಅದಕ್ಕೆ ಇಬ್ಬರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು. ಗೆಳೆಯ ತಪ್ಪು ದಾರಿಯಲ್ಲಿದ್ದಾಗ ಜೊತೆ ಬಿಡಬೇಕೇ, ಬಿಡಬಾರದೇ? ಅರ್ಥ ಹೇಳುವಾಗ ಮಕ್ಕಳೇ ವಾದ ಮಾಡಲಿ. ನೀವು ತೀರ್ಪು ಕೊಡಬೇಡಿ.

ಯೂಟ್ಯೂಬಿನ ವಿಚಾರ. ಶಾಲೆಯ ಮಕ್ಕಳು, ಟೀಚರುಗಳು ಹಾಡಿ, ಕೇಳುವವರು ಶಾಲೆಯವರು ಮತ್ತು ಹೆತ್ತವರು ಮಾತ್ರ ಆಗಿದ್ದರೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಇದೆ. ಊರಿಗೆಲ್ಲ ಕಾಣುವ ವಿಡಿಯೊಗೆ ಅದು ಸಿಗುವುದಿಲ್ಲ. ನಮ್ಮಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಪಂಜೆ 1937ರಲ್ಲಿ ತೀರಿಕೊಂಡವರು, ಹಾಗಾಗಿ ಅವರ ಪದ್ಯಕ್ಕೆ ಅಡ್ಡಿಯಿಲ್ಲ. ಆದರೆ ಈಚೆಗೆ ಯಾರಾದರೂ ಹಾಕಿದ ರಾಗವನ್ನು ಬಳಸಿದರೆ ಅದರ ಲೆಕ್ಕ ಬೇರೆ. ಅಡಿಗರು 1992ರಲ್ಲಿ ತೀರಿಕೊಂಡರು. ಅವರ ಪದ್ಯದ ಹಕ್ಕು 2052ರ ಕೊನೆಯವರೆಗೂ ಇದೆ, ಅನುಮತಿ ಬೇಕು. ಸಿನಿಮಾ ಹಾಡಿನ ತಂಟೆ ಬೇಡವೇ ಬೇಡ. ಮಕ್ಕಳೇ ಕಟ್ಟಿದ ಸಾಲುಗಳಾದರೆ ಈ ರಗಳೆ ಇಲ್ಲ, ಮನೆಯವರ ಒಪ್ಪಿಗೆಯನ್ನು ಬರಹದಲ್ಲಿ ತಗೊಂಡು ಹಾಕಿ. ಆ ಸಾಲುಗಳ ಒಂದು ಪ್ರತಿ ನಮಗೂ ಕಳಿಸಿ. ಮಕ್ಕಳ ಪುಟದಲ್ಲಿ ಜಾಗ ಇಟ್ಟಿರುತ್ತೇವೆ.

– ಸಂ.