ಕೋವಿಡ್ ಕಾಲದಲ್ಲಿ ಕಿಡ್ನಿ ರೋಗಿಗಳಿಗೆ ಬೇರೆಯವರಿಗಿಲ್ಲದ ತೊಂದರೆ ಏನಾಯಿತು?

ಕೋವಿಡ್ ಎಲ್ಲರನ್ನೂ ಕಾಡಿತಲ್ಲ, ಕಿಡ್ನಿ ರೋಗಿಗಳಿಗೆ ಆದ ವಿಶೇಷ ತೊಂದರೆ ಏನು ಎಂದು ಕೇಳಿದ್ದೀರಿ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುವ ನಿಮ್ಮ ತಂದೆಯವರು ಮತ್ತೆ ಅಂಥ ಕಾಲ ಬಂದರೆ ಏನು ಮಾಡಬೇಕೆಂಬ ಚಿಂತೆಯೂ ನಿಮಗಿದೆ. 2020ರಲ್ಲಿ ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕಿಡ್ನಿ ತಜ್ಞನಾಗುವ ಕೋರ್ಸ್, ಅಂದರೆ ನೆಫ್ರಾಲಜಿ ಡಿಎಂ ಓದುತ್ತಿದ್ದೆ. ಹಾಗಾಗಿ ಉತ್ತರಿಸುತ್ತಿದ್ದೇನೆ.

ನಮ್ಮ ರೋಗಿಗಳನ್ನು ಸೋಂಕಿಗಿಂತ ಮೊದಲು ಕಾಡಿದ್ದು ದಾರಿ. ಮಾರ್ಚ್ 25ರಿಂದ ಲಾಕ್‌ಡೌನ್. ಡಯಾಲಿಸಿಸ್ ಅಗತ್ಯ ಸೇವೆ, ಅದನ್ನು ಸರ್ಕಾರ ನಿಲ್ಲಿಸಲಿಲ್ಲ. ಆದರೆ ಬಸ್ಸಿಲ್ಲದೆ ಊರಿನಿಂದ ಬರುವುದು ಹೇಗೆ? ಬಾಡಿಗೆ ಕಾರಿಗೆ ದುಡ್ಡಿಲ್ಲ, ಇದ್ದರೂ ಚಾಲಕ ಒಪ್ಪುವುದಿಲ್ಲ, ಒಪ್ಪಿದರೆ ಚೆಕ್‌ಪೋಸ್ಟ್‌ನಲ್ಲಿ ಪಾಸ್ ಕೇಳುತ್ತಾರೆ. ಏಪ್ರಿಲ್‌ನ ಒಂದು ಬೆಳಗ್ಗೆ ತರಕಾರಿ ಟೆಂಪೊದಲ್ಲಿ ಕುಳಿತು ಒಬ್ಬ ಹೆಂಗಸು ಬಂದರು. ಎರಡು ಸರದಿ ತಪ್ಪಿತ್ತು. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಿಸಿಲಿನ ದಾಹಕ್ಕೆ ತಂಪೆಂದು ಎಳನೀರು ಕುಡಿದಿದ್ದರು. ಎಳನೀರಿನ ತುಂಬ ಪೊಟ್ಯಾಸಿಯಂ. ಕಿಡ್ನಿ ಸತ್ತವರ ದೇಹದಿಂದ ಅದು ಹೊರಹೋಗಲು ಡಯಾಲಿಸಿಸ್ ಬಿಟ್ಟರೆ ಹೆಚ್ಚಿನ ದಾರಿಯಿಲ್ಲ. ಇಸಿಜಿ ಕಾಗದದಲ್ಲಿ ಟಿ ಅಲೆಗಳು ಗುಡಾರಗಳಂತೆ ಚೂಪಾಗಿ ಎದ್ದಿದ್ದವು, ಪೊಟ್ಯಾಸಿಯಂ ಏರಿ ಹೃದಯಕ್ಕೆ ಅಪಾಯ ಬಂದಿರುವ ಗುರುತು ಅದು. ಹೃದಯವನ್ನು ಕಾಯುವ ಕ್ಯಾಲ್ಸಿಯಂ ಗ್ಲುಕೊನೇಟ್ ಚುಚ್ಚುತ್ತಲೇ ಅವರನ್ನು ಯಂತ್ರದ ಬಳಿಗೆ ಒಯ್ದೆವು. ಅವರು ಬದುಕಿದರು. ಆದರೆ ಅವರಂತೆ ಆಸ್ಪತ್ರೆ ತಲುಪಲಾಗದೆ ಉಳಿದವರ ಲೆಕ್ಕ ಇಟ್ಟವರು ಕಡಿಮೆ. ದೇಶದ 19 ದೊಡ್ಡ ಆಸ್ಪತ್ರೆಗಳ ಸುಮಾರು 2,500 ಡಯಾಲಿಸಿಸ್ ರೋಗಿಗಳ ಬಗ್ಗೆ ಆ ವರ್ಷವೇ ಪ್ರಕಟವಾದ ಅಧ್ಯಯನದಲ್ಲಿ ಶೇ 28ರಷ್ಟು ಮಂದಿಗೆ ಒಂದಾದರೂ ಸರದಿ ತಪ್ಪಿತ್ತು, ನೂರಕ್ಕೂ ಹೆಚ್ಚು ಮಂದಿ ಬರುವುದನ್ನೇ ನಿಲ್ಲಿಸಿದ್ದರು.

ಸೋಂಕು ಹಬ್ಬಿದ ಮೇಲೆ ತೊಡಕು ಘಟಕದ ಒಳಗೇ ಬಂತು. ಜ್ವರವಿದ್ದವರಿಗೆ ಮೊದಲು ಕೋವಿಡ್ ಪರೀಕ್ಷೆಯ ವರದಿ ಬೇಕು. ವರದಿ ಬರುವವರೆಗೆ ರೋಗಿ ಎಲ್ಲಿ ಕಾಯಬೇಕು? ಸೋಂಕಿತರಿಗೆ ಬೇರೆ ಯಂತ್ರ, ಬೇರೆ ಕೋಣೆ. ಹೊರಗಿನವರಿಗೆ ತೋಚದ ಇನ್ನೊಂದು ಸಂಗತಿ ನೀರು. ಒಂದು ಡಯಾಲಿಸಿಸ್‌ನ ನಾಲ್ಕು ಗಂಟೆಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು. ಅದು ಆರ್‌ಒ ಘಟಕದಿಂದ ಪೈಪಿನಲ್ಲಿ ಬರುತ್ತದೆ. ನಮ್ಮ ಕೋವಿಡ್ ವಾರ್ಡಿಗೆ ಆ ಪೈಪ್ ಇರಲಿಲ್ಲ. ಗಾಲಿಯ ಮೇಲೆ ತಳ್ಳುವ ಸಣ್ಣ ಆರ್‌ಒ ಯಂತ್ರ ತಂದು, ಒಬ್ಬ ಟೆಕ್ನಿಷಿಯನ್ ಪಿಪಿಇ ತೊಟ್ಟು ನೀರು ಕುಡಿಯದೆ, ಶೌಚಕ್ಕೆ ಹೋಗದೆ ಆ ನಾಲ್ಕು ಗಂಟೆ ನಿಲ್ಲಬೇಕಿತ್ತು. ಡಯಾಲಿಸಿಸ್ ಟೆಕ್ನಿಷಿಯನ್‌ಗಳ ದುಡಿಮೆಗೆ ನಾಡು ಸಲ್ಲಿಸಬೇಕಾದ ಗೌರವ ಇನ್ನೂ ಸಂದಿಲ್ಲ ಎಂದೇ ನನ್ನ ಭಾವನೆ.

ಕಿಡ್ನಿ ಕಸಿಯ ಕಥೆ ಬೇರೆ. ಬದುಕಿರುವ ದಾನಿಗಳಿಂದ ಮಾಡುವ ಕಸಿಯನ್ನು ಮೊದಲ ವಾರಗಳಲ್ಲಿ ನಿಲ್ಲಿಸಿದ್ದು ಸರಿಯೇ. ಆರೋಗ್ಯವಂತ ತಾಯಿಯನ್ನೋ ಹೆಂಡತಿಯನ್ನೋ ಅಂಥ ಆಸ್ಪತ್ರೆಗೆ ಸೇರಿಸಿ, ಕಿಡ್ನಿ ಪಡೆಯುವವರ ರೋಗನಿರೋಧಕ ಶಕ್ತಿಯನ್ನು ಔಷಧದಿಂದ ಅಡಗಿಸುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಮಿದುಳು ಸತ್ತವರಿಂದ ಬರುವ ಅಂಗಗಳೂ ಇಳಿದವು. ವಾಹನ ಓಡದಿದ್ದಾಗ ಅಪಘಾತ ಕಡಿಮೆ, ಐಸಿಯು ಹಾಸಿಗೆಗಳೆಲ್ಲ ಕೋವಿಡ್‌ಗೆ. 2019ರಲ್ಲಿ ದೇಶದಲ್ಲಿ ಎಲ್ಲ ಅಂಗಗಳೂ ಸೇರಿ 12,600ಕ್ಕೂ ಹೆಚ್ಚು ಕಸಿಗಳಾಗಿದ್ದವು, 2020ರಲ್ಲಿ ಸುಮಾರು 7,400. ಆದರೆ ಮತ್ತೆ ಆರಂಭಿಸುವುದನ್ನು ಹಲವೆಡೆ ಅಗತ್ಯಕ್ಕಿಂತ ಹೆಚ್ಚು ತಡಮಾಡಿದರು ಎಂದು ನಾನು ಇಂದಿಗೂ ವಾದಿಸುತ್ತೇನೆ. ಕಾಯುವವರು ಮನೆಯಲ್ಲಿ ಸುರಕ್ಷಿತವಾಗಿ ಕುಳಿತಿರಲಿಲ್ಲ, ವಾರವಾರವೂ ಜನ ತುಂಬಿದ ಡಯಾಲಿಸಿಸ್ ಕೋಣೆಗೆ ಬರುತ್ತಿದ್ದರು.

ಕಸಿ ಆಗಿಹೋದವರಿಗೆ ಸೋಂಕು ತಗುಲಿದರೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಮೈಕೊಫೆನೊಲೇಟ್ ಮಾತ್ರೆ ನಿಲ್ಲಿಸುತ್ತಿದ್ದೆವು. ಹೆಚ್ಚು ದಿನ ನಿಲ್ಲಿಸಿದರೆ ದೇಹ ಕಿಡ್ನಿಯನ್ನು ತಿರಸ್ಕರಿಸೀತು, ಮುಂದುವರಿಸಿದರೆ ವೈರಸ್ ಗೆದ್ದೀತು. ಆ ತೀರ್ಮಾನವನ್ನು ಎಷ್ಟೋ ಸಲ ಫೋನಿನಲ್ಲಿ, ಕಿಡ್ನಿ ಹೇಗಿದೆಯೆಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿಯೂ ಇಲ್ಲದೆ ಮಾಡಬೇಕಾಯಿತು. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂತು. ಅದರ ಔಷಧ ಆಂಫೊಟೆರಿಸಿನ್ ಕಿಡ್ನಿಯನ್ನೇ ಕೆಡಿಸುತ್ತದೆ. ಕಡಿಮೆ ಹಾನಿಯ ಲೈಪೊಸೋಮಲ್ ರೂಪ ಸಿಗದೆ ಬಂಧುಗಳು ಚೀಟಿ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆದರು.

ಕಲಿಕೆಗೆ ಬಿದ್ದ ಪೆಟ್ಟನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಡಿಎಂ ಮೂರೇ ವರ್ಷ. ಅದರ ದೊಡ್ಡ ಪಾಲು ಕೋವಿಡ್ ವಾರ್ಡಿನಲ್ಲಿ ಕಳೆಯಿತು. ಆಕ್ಸಿಜನ್, ವೆಂಟಿಲೇಟರ್, ಐಸಿಯುನಲ್ಲಿ ನಿಧಾನಗತಿಯ ಡಯಾಲಿಸಿಸ್ ಚೆನ್ನಾಗಿಯೇ ಕಲಿತೆವು. ಕಿಡ್ನಿಯ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ, ಕಸಿಯ ನಂತರದ ಮೊದಲ ವಾರದ ಆರೈಕೆ, ಹೊರರೋಗಿ ವಿಭಾಗದಲ್ಲಿ ಒಬ್ಬನೇ ರೋಗಿಯನ್ನು ತಿಂಗಳುಗಟ್ಟಲೆ ನೋಡುವುದು, ಇವು ವೆಬಿನಾರ್‌ನಿಂದ ಬರುವ ವಿದ್ಯೆಯಲ್ಲ. 2021ರ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ, ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರ್‌ಗೆ ಹೋಯಿತು. ಕಿರಿಯರ ತಂಡ ಸಮಯಕ್ಕೆ ಬರದೆ, ಇದ್ದವರೇ ಎರಡಾಳಿನ ಕೆಲಸ ಮಾಡಿದರು.

ಇನ್ನು ನಿಮ್ಮ ತಂದೆಯವರ ವಿಷಯ. ಒಂದು ಕಡತ ಇಡಿ. ಡ್ರೈ ವೇಟ್ (ಹೆಚ್ಚಿನ ನೀರು ತೆಗೆದ ಮೇಲೆ ಇರಬೇಕಾದ ತೂಕ), ಕೊನೆಯ ಕೆಲವು ಡಯಾಲಿಸಿಸ್ ಹಾಳೆಗಳು, ಮಾತ್ರೆಗಳ ಪಟ್ಟಿ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಇತ್ತೀಚಿನ ವರದಿ ಅದರಲ್ಲಿರಲಿ. ಸಾಮಾನ್ಯವಾಗಿ ಹೊಸ ಕೇಂದ್ರದವರು ಮೊದಲು ಕೇಳುವುದೇ ಆ ವರದಿಗಳನ್ನು. ಮನೆಗೆ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಇದೆಯೇ ಎಂದು ಈಗಲೇ ವಿಚಾರಿಸಿ, ಒಮ್ಮೆ ಹೋಗಿ ಅಲ್ಲಿನ ಟೆಕ್ನಿಷಿಯನ್‌ರನ್ನು ಮಾತನಾಡಿಸಿ ಬನ್ನಿ. ಸರದಿ ತಪ್ಪುವ ಸೂಚನೆ ಕಂಡರೆ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಕೂಡಲೇ ನಿಲ್ಲಿಸಿ, ನೀರು ಮತ್ತು ಉಪ್ಪು ಬಿಗಿ ಮಾಡಿ. ಪೊಟ್ಯಾಸಿಯಂ ಇಳಿಸುವ ಪುಡಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ, ಎಷ್ಟು ಕೊಡಬೇಕು ಎಂದು ಅವರ ವೈದ್ಯರಿಂದ ಮೊದಲೇ ಬರೆಸಿಕೊಳ್ಳಿ.